ಕ್ಲಿಕ್ಕರ್, ಊಟದ ಮಣೆ ಮತ್ತು ನಮ್ಮ ಚಿಗರಿ

ಮೊದಲ ಎರಡು ವಾರ ನಾನು ಕ್ಲಿಕ್ಕರ್ ಅನ್ನುವ ಸದ್ದಿನ ಡಬ್ಬಿ ಹಿಡಿದು ನಮ್ಮ ನಾಯಿ ಚಿಗರಿಗೆ ಕೂರುವುದನ್ನು ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಕಲಿಸಿದ್ದು ಏಳುವುದನ್ನು. ಅವಳು ಕೂರುತ್ತಿದ್ದಳು. ನಾನು ಖುಷಿಯಲ್ಲಿ ಮೊದಲು ಕಿಸೆಗೆ ಕೈ ಹಾಕಿ ಆಮೇಲೆ ಕ್ಲಿಕ್ ಮಾಡುತ್ತಿದ್ದೆ. ಅಷ್ಟರಲ್ಲಿ ಅವಳ ಹಿಂಭಾಗ ನೆಲ ಬಿಟ್ಟಿರುತ್ತಿತ್ತು. ಮಗಳು ಮೊಬೈಲಿನಲ್ಲಿ ವಿಡಿಯೊ ತೆಗೆದು ನಿಧಾನವಾಗಿ ಓಡಿಸಿ ತೋರಿಸಿದಾಗಲೇ ನನಗೆ ಗೊತ್ತಾಗಿದ್ದು. 'ಕೂತು ತಟ್ಟನೆ ಏಳಬೇಕು, ಆಗ ಕೋಳಿ ಲಿವರ್ ಸಿಗುತ್ತದೆ' ಅಂತ ಚಿಗರಿ ಸರಿಯಾಗಿಯೇ ಕಲಿತಿದ್ದಳು.

ಚಿಗರಿ ಮುಧೋಳ ನಾಯಿ. ನಮ್ಮ ಧಾರವಾಡದ ಕಡೆ ಚಿಗರಿ ಅಂದರೆ ಜಿಂಕೆ. ಈಗ ಹುಬ್ಬಳ್ಳಿ–ಧಾರವಾಡದ ಬಸ್ಸಿಗೂ ಅದೇ ಹೆಸರು ಇಟ್ಟಿದ್ದಾರೆ, ಇರಲಿ. ಎಂಟು ತಿಂಗಳಿದ್ದಾಗ ಒಬ್ಬ ತರಬೇತುದಾರರ ಹತ್ತಿರ ಬಿಟ್ಟಿದ್ದೆ. ಅವರು ಕೊರಳು ಬಿಗಿಯುವ ಸರಪಳಿ ಹಾಕಿ ಎಳೆದು ಕಲಿಸುವವರು. ಮೂರನೇ ದಿನಕ್ಕೆ ಇವಳು ಬಾಲವನ್ನು ಕಾಲಸಂದಿಗೆ ಸೇರಿಸಿ ನೆಲಕ್ಕೆ ಅಂಟಿಕೊಂಡು ಬಿಟ್ಟಳು. "ಇದು ಬ್ಯಾಟಿ ನಾಯಿರೀ, ಓಡೂದು ಬಿಟ್ರ ಇದಕ್ಕ ಏನೂ ತಿಳಿಯಂಗಿಲ್ಲ" ಅಂತ ವಾಪಸ್ ಕೊಟ್ಟರು. ನಾನು ಒಪ್ಪಲಿಲ್ಲ. 2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿದ್ದರು. ಏನೂ ತಿಳಿಯದ ನಾಯಿಯನ್ನು ಅವರು ಅಷ್ಟು ದೂರ ಯಾಕೆ ಒಯ್ಯುತ್ತಾರೆ, ಅಲ್ವಾ?

ಕ್ಲಿಕ್ಕರ್ ಅಂದರೆ ಅಂಗೈಯಲ್ಲಿ ಅಡಗುವ ಪ್ಲಾಸ್ಟಿಕ್ ಡಬ್ಬಿ. ಒಳಗೊಂದು ಲೋಹದ ಪಟ್ಟಿ. ಒತ್ತಿದರೆ 'ಟಿಕ್ ಟಕ್' ಅನ್ನುತ್ತದೆ. ಆ ಸದ್ದಿಗೆ ಒಂದೇ ಅರ್ಥ: ಈಗ ಮಾಡಿದೆಯಲ್ಲ, ಅದು ಸರಿ, ತಿಂಡಿ ಬಂತು. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲೆಂಡ್ ದಂಪತಿ 1940ರ ದಶಕದಲ್ಲೇ ಹೀಗೆ ಸದ್ದು ಮಾಡಿ ಪ್ರಾಣಿಗಳಿಗೆ ಕಲಿಸುತ್ತಿದ್ದರು. ನಾಯಿ ಸಾಕುವ ಮನೆಗಳಿಗೆ ಇದನ್ನು ಮುಟ್ಟಿಸಿದವರಲ್ಲಿ ಕ್ಯಾರೆನ್ ಪ್ರೈಯರ್ ದೊಡ್ಡ ಹೆಸರು. ಅವರು 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಸೀಟಿ ಊದಿ ಕಲಿಸಿದವರು. ಸರಪಳಿ ಹಾಕಿ ಎಳೆಯೋಣವೆಂದರೆ ಡಾಲ್ಫಿನ್‌ಗೆ ಕೊರಳೇ ಇಲ್ಲ. ಬೇಜಾರಾದರೆ ಈಜಿ ಹೋಗಿಬಿಡುತ್ತದೆ. ನನಗೆ ಈ ಮಾತು ಹಿಡಿಸಿತು, ಯಾಕೆಂದರೆ ಚಿಗರಿ ಓಡಿದರೂ ಹಿಡಿಯುವ ಹಾಗಿಲ್ಲ.

ಮೊದಲ ಕ್ಲಿಕ್ಕಿಗೇ ಅವಳು ಮಂಚದ ಕೆಳಗೆ ಸೇರಿದಳು. ಸರಿ, ಮಗಳ ಬಾಲ್ ಪೆನ್ನು ಇಸಿದುಕೊಂಡೆ. ಪೆನ್ನು ಟಿಕ್, ಬಾಯಿಗೆ ತುಣುಕು. ಬೆಳಿಗ್ಗೆ ಹದಿನೈದು ಸಲ, ಸಂಜೆ ಹದಿನೈದು ಸಲ. ಏನನ್ನೂ ಮಾಡು ಅಂತ ಕೇಳಲಿಲ್ಲ. ನಾಲ್ಕನೇ ದಿನ ಸದ್ದಾದ ಕೂಡಲೇ ನನ್ನ ಕೈ ನೋಡಿದಳು. ಆಮೇಲೆ ಕ್ಲಿಕ್ಕರನ್ನು ಕರವಸ್ತ್ರದಲ್ಲಿ ಸುತ್ತಿ ಒತ್ತಿದೆ. ದಿನಕ್ಕೊಂದು ಮಡಿಕೆ ಬಿಚ್ಚುತ್ತಾ ಬಂದೆ. ಇತ್ತ ಮಗಳು ಓದುತ್ತಾ ಪೆನ್ನು ಟಿಕ್ಕೆನ್ನಿಸಿದಾಗಲೆಲ್ಲ ಇವಳು ಓಡಿ ಹೋಗಿ ಎದುರು ನಿಲ್ಲುತ್ತಿದ್ದಳು. ಮಗಳು ಪಾಪ ಏನು ಕೊಟ್ಟಾಳು? ಸಿಗದೆ ಸಿಗದೆ ಪೆನ್ನಿನ ಸದ್ದಿಗೆ ಬೆಲೆಯೇ ಹೋಯಿತು. ಕ್ಲಿಕ್ಕರಿಗೂ ಅದೇ ಗತಿ ಬರಬಾರದು ಅಂತ ನಾನು ಕೈತಪ್ಪಿ ಒತ್ತಿದರೂ ತುಣುಕು ಕೊಡುತ್ತೇನೆ.

ತುಣುಕು ಅಂದರೆ ಬೇಯಿಸಿದ ಕೋಳಿ ಲಿವರ್, ಕಡಲೆಕಾಳಿನಷ್ಟು. ಅವ್ವ ಅಡುಗೆಮನೆಗೆ ಬಿಡಲಿಲ್ಲ. "ನಾಯಿಗೆ ಇಷ್ಟ್ಯಾಕ ಉಪಚಾರ" ಅಂತ ಗೊಣಗಿದಳು. ಹಿತ್ತಲಿನಲ್ಲೇ ಒಲೆ ಹಚ್ಚಿದೆ. ಪಾಠ ಒಂದು ಸಲಕ್ಕೆ ಎರಡೋ ಮೂರೋ ನಿಮಿಷ, ಅಷ್ಟೇ. ತುಣುಕಿನ ಲೆಕ್ಕ ರಾತ್ರಿಯ ಊಟದಲ್ಲಿ ಕಡಿಮೆ.

ಇನ್ನು ನನ್ನ ತಡವಾದ ಕ್ಲಿಕ್ಕಿಗೆ ಮದ್ದು. ನಾಯಿಯನ್ನು ಒಳಗೆ ಕಟ್ಟಿ, ಮಗಳಿಗೆ ಚೆಂಡು ಕೊಟ್ಟೆ. ಅವಳು ಬೀಳಿಸಬೇಕು, ಚೆಂಡು ನೆಲ ಮುಟ್ಟುವಾಗ ಸರಿಯಾಗಿ ನಾನು ಒತ್ತಬೇಕು. ಮೊದಲ ದಿನ ಹತ್ತಕ್ಕೆ ಮೂರು ಸರಿ. "ಅಪ್ಪಾ, ಭಾಳ ಲೇಟ್" ಅಂತ ಮಗಳು ನಗುತ್ತಿದ್ದಳು. ಒಂದು ವಾರ ಬರೀ ಇದೇ. ತಿಂಡಿಯ ಕೈ ಕ್ಲಿಕ್ ಆಗುವವರೆಗೆ ಅಲುಗಬಾರದು ಅನ್ನುವುದೂ ಆಗಲೇ ಮೈಗೆ ಹತ್ತಿದ್ದು. ಇಲ್ಲದಿದ್ದರೆ ನಾಯಿ ಸದ್ದು ಕೇಳುವುದಿಲ್ಲ, ಕೈಯನ್ನೇ ನೋಡುತ್ತದೆ.

ಮುಧೋಳಕ್ಕೆ ಕೂರುವುದು ಸುಖದ ಕೆಲಸವಲ್ಲ. ಉದ್ದ ಕಾಲು, ಮಾಂಸವಿಲ್ಲದ ಮೈ. ಬರೀ ನೆಲದ ಮೇಲೆ ಚಡಪಡಿಸುತ್ತಿದ್ದಳು. ಹಳೆಯ ಕೌದಿ ಹಾಸಿದೆ, ಒಂದು ಪಾಠಕ್ಕೆ ಐದು ಸಲಕ್ಕಿಂತ ಜಾಸ್ತಿ ಕೂರಿಸಲಿಲ್ಲ. ಹಿಂಭಾಗ ನೆಲ ಮುಟ್ಟುವಾಗಲೇ ಕ್ಲಿಕ್ ಬಿದ್ದ ಮೇಲೆ ನಾಲ್ಕು ದಿನಕ್ಕೆ ಹಾದಿಗೆ ಬಂದಳು.

ನಾಯಿಗಳ ಸ್ಪರ್ಧೆಗೂ ತಯಾರಿ ಮಾಡುತ್ತಿದ್ದೆ. ಅಲ್ಲಿ ಕೇಳುವ ಹೀಲ್ ಬೇರೆಯೇ ಕಥೆ. ನಾಯಿ ನಮ್ಮ ಎಡಗಾಲಿನ ಪಕ್ಕಕ್ಕೇ ಭುಜ ಇಟ್ಟು ನಡೆಯಬೇಕು, ನಾವು ತಿರುಗಿದರೆ ಅದೂ ನೇರವಾಗಿ ತಿರುಗಬೇಕು. ಚಿಗರಿಯ ಮುಂದಿನ ಕಾಲು ತಿರುಗುತ್ತಿತ್ತು, ಹಿಂದಿನದು ಅಲ್ಲೇ ಉಳಿಯುತ್ತಿತ್ತು. ತನಗೆ ಹಿಂಗಾಲು ಇದೆ ಅನ್ನುವುದೇ ಅವಳಿಗೆ ನೆನಪಿಲ್ಲದ ಹಾಗೆ. ಇದಕ್ಕೆ ಸಿಕ್ಕಿದ್ದು ಅವ್ವನ ಊಟದ ಮಣೆ. ಮುಂಗಾಲು ಎರಡೂ ಮಣೆಯ ಮೇಲೆ. ನಾನು ಅವಳ ಕಡೆ ಅರ್ಧ ಹೆಜ್ಜೆ ಸರಿದರೆ ಜಾಗ ಬಿಡಲು ಒಂದು ಹಿಂಗಾಲು ಪಕ್ಕಕ್ಕೆ ಹೋಗುತ್ತದೆ. ಆ ಕಾಲು ನೆಲ ಬಿಡುವಾಗಲೇ ಕ್ಲಿಕ್. ಹತ್ತು ದಿನದಲ್ಲಿ ಮಣೆಯ ಸುತ್ತ ಗಡಿಯಾರದ ಮುಳ್ಳಿನ ಹಾಗೆ ಸುತ್ತತೊಡಗಿದಳು. ಆಮೇಲೆ ಮಣೆ ತೆಗೆದೆ, ತಿರುವು ಉಳಿಯಿತು. ಅವ್ವನಿಗೆ ಹೊಸ ಮಣೆ ತಂದುಕೊಟ್ಟೆ.

ಡಂಬೆಲ್ ಮೂರು ತಿಂಗಳು ತಿಂದಿತು. ಎಸೆದ ಮರದ ಡಂಬೆಲ್ಲನ್ನು ತಂದು, ಎದುರು ಕೂತು, ಕೇಳಿದಾಗ ಕೈಗೆ ಕೊಡಬೇಕು. ಅಗಿಯಬಾರದು, ಬೀಳಿಸಬಾರದು. ಬೆನ್ನಟ್ಟುವುದು ಚಿಗರಿಗೆ ರಕ್ತದಲ್ಲೇ ಇದೆ. ಅದಕ್ಕೇ ಎಸೆಯುವುದನ್ನು ಕಡೆಗಿಟ್ಟು, ಬಾಯಲ್ಲಿ ಹಿಡಿಯುವುದರಿಂದ ಶುರು ಮಾಡಿ ಹಿಂದುಮುಂದಾಗಿ ಕಲಿಸಿದೆ. ಮೊದಲು ಮೂಗು ಮುಟ್ಟಿಸಿದರೆ ಕ್ಲಿಕ್. ಅದು ರೂಢಿಯಾದ ಮೇಲೆ ಸುಮ್ನೆ ಕಾದೆ. ಕ್ಲಿಕ್ ಬರಲಿಲ್ಲ ಅಂತ ಸಿಟ್ಟಿಗೆದ್ದು ಹಲ್ಲು ಹಾಕಿದಳು. ಕ್ಲಿಕ್! ಅಲ್ಲಿಂದ ಹಿಡಿಯುವುದು: ಅರ್ಧ ಸೆಕೆಂಡು, ಒಂದು, ಎರಡು. ಕ್ಲಿಕ್ ಆದ ಕೂಡಲೇ ಡಂಬೆಲ್ ದಬ್ಬಂತ ಬೀಳುತ್ತದೆ. ಬೀಳಲಿ. ಕ್ಲಿಕ್ ಅಂದರೆ ಆ ಕೆಲಸ ಮುಗಿಯಿತು ಅಂತಲೇ. ನಾನು ಅವಸರ ಮಾಡಿ ಒಂದೇ ದಿನ ಐದು ಸೆಕೆಂಡಿಗೆ ಜಿಗಿದೆ. ಕಾಯಲಾರದೆ ಅಗಿಯತೊಡಗಿದಳು, ನಾನು ಅದನ್ನೇ ಕ್ಲಿಕ್ ಮಾಡಿದೆ. ಮತ್ತೆ ಒಂದು ಸೆಕೆಂಡಿಗೆ ಇಳಿದು, ದವಡೆ ಅಲುಗದ ಕ್ಷಣವನ್ನಷ್ಟೇ ಆರಿಸಬೇಕಾಯಿತು. ಆಮೇಲೆ ಬಾಯಲ್ಲಿಟ್ಟು ಕೂರುವುದು, ಒಂದು ಹೆಜ್ಜೆ ತರುವುದು, ನೆಲದಿಂದ ಎತ್ತುವುದು. ಎಸೆದ ದಿನ ಹೊಸದಾಗಿ ಹೇಳಿಕೊಡುವುದು ಏನೂ ಉಳಿದಿರಲಿಲ್ಲ.

ಅಜಿಲಿಟಿ ಅಂದರೆ ನಾಯಿ ಅಡೆತಡೆ ದಾಟುತ್ತಾ ಓಡುವ ಆಟ. ಅದರಲ್ಲಿ ಹಾವಿನ ಹಾಗೆ ನುಸುಳಿ ಓಡಬೇಕಾದ ಕಂಬಗಳಿಗೆ ನಲ್ಲಿ ಅಂಗಡಿಯ ಪಿವಿಸಿ ಪೈಪು ಸಾಕು. 60 ಸೆಂ.ಮೀ. ಅಂತರದಲ್ಲಿ ಆರು ನೆಟ್ಟು, ಮೊದಲು ಎರಡು ಸಾಲಾಗಿ ನಡುವೆ ದಾರಿ ಬಿಟ್ಟು ಓಡಿಸಿದೆ. ದಾರಿಯನ್ನು ವಾರ ವಾರಕ್ಕೆ ಕಿರಿದು ಮಾಡುತ್ತಾ ಒಂದೇ ಸಾಲಿಗೆ ತಂದೆ. ಎತ್ತರದ ಜಿಗಿತವನ್ನು ಮಾತ್ರ ಮೂಳೆ ಬಲಿಯಲಿ ಅಂತ ಅವಳಿಗೆ ಒಂದೂವರೆ ವರ್ಷ ಆಗುವವರೆಗೆ ಮುಟ್ಟಲಿಲ್ಲ.

ಸ್ಪರ್ಧೆಯ ರಿಂಗಿನಲ್ಲಿ ಕ್ಲಿಕ್ಕರೂ ಇಲ್ಲ, ಲಿವರೂ ಇಲ್ಲ. ಅದಕ್ಕೆ ಮೊದಲೇ ಎರಡು ಕೆಲಸಕ್ಕೆ ಒಂದು ಕ್ಲಿಕ್, ಆಮೇಲೆ ಐದಕ್ಕೆ ಒಂದು, ಕೊನೆಗೆ ರಿಂಗಿನ ಹೊರಗೆ ಇಟ್ಟ ಡಬ್ಬಿಯ ಕಡೆ ಇಬ್ಬರೂ ಸೇರಿ ಓಡುವುದು. ಮೈದಾನ, ಬಸ್ ನಿಲ್ದಾಣದ ಪಕ್ಕ, ಸಂತೆಯ ಅಂಚು, ಎಲ್ಲ ಕಡೆ ಒಯ್ದು ಸುಲಭದ ಪಾಠದಿಂದಲೇ ಶುರು ಮಾಡಿದ್ದೆ. ಎಲ್ಲ ತಯಾರಿಯೂ ಆಗಿತ್ತು, ಒಂದು ಬಿಟ್ಟು.

ಕೂರುವುದಕ್ಕೆ ನಾನು ಇಟ್ಟ ಪದ 'ಕುಂದ್ರು'. ಮೊದಲ ಸ್ಪರ್ಧೆಯಲ್ಲಿ ಹೀಲ್ ಅಚ್ಚುಕಟ್ಟಾಗಿ ನಡೆದಿತ್ತು. ಎರಡನೇ ತಿರುವಿನಲ್ಲಿ ಮೈಕಿನವರು ಕೂಗಿದರು: "ಹಿಂದಿನವ್ರಿಗೆ ಕಾಣವಲ್ದು, ಮುಂದಿನವ್ರು ಕುಂದ್ರಿ, ಕುಂದ್ರಿ!" ಮುಂದಿನವರು ಯಾರೂ ಕೂರಲಿಲ್ಲ. ಚಿಗರಿ ಕೂತಳು. ಅಂಕ ಹೋಯಿತು.

ಈಗ ಪದ ಬದಲಿಸುತ್ತಿದ್ದೇನೆ. ಮೊದಲು ಹೊಸದು, 'ಸಿಟ್'. ಒಂದು ಕ್ಷಣ ಬಿಟ್ಟು ಹಳೆಯದು, 'ಕುಂದ್ರು'. ಹಳೆಯದು ಬರುವ ಮೊದಲೇ ಕೂತರೆ ಕ್ಲಿಕ್. ಹಳೆಯದಕ್ಕೆ ಇನ್ನು ತುಣುಕಿಲ್ಲ. ಮೂರೇ ದಿನಕ್ಕೆ 'ಸಿಟ್' ಹಿಡಿದಳು. ಆದರೆ 'ಕುಂದ್ರು' ಬಿಡುತ್ತಿಲ್ಲ. ಯಾಕೆ ಅಂತ ಮೊನ್ನೆ ಗೊತ್ತಾಯಿತು. ಮನೆಗೆ ಯಾರಾದರೂ ಬಂದರೆ ಅವ್ವ "ಬರ್ರಿ, ಕುಂದ್ರಿ" ಅನ್ನುತ್ತಾಳೆ. ಬಂದವರಿಗಿಂತ ಮೊದಲು ಚಿಗರಿ ಕೂರುತ್ತಾಳೆ. ಅವ್ವ ಸೆರಗಿನ ಮರೆಯಿಂದ ಬಿಸ್ಕತ್ತು ಕೊಡುತ್ತಾಳೆ, ಹಿಂಭಾಗ ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ.