ನಗೆಯ ಕ್ಯಾಲಿಪ್ಸೊ ಕಟ್ಟುವುದು ಹೇಗೆ: ಮೈಟಿ ಸ್ಪಾಯ್ಲರ್‌ನ ದಾರಿ

ಕ್ಯಾಲಿಪ್ಸೊ ಎಂದರೆ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಕಥೆ ಹೇಳುವ ಹಾಡು. ಅಲ್ಲಿನ ನಗೆಹಾಡುಗಾರರಲ್ಲಿ ಮೊದಲು ಕೇಳಬೇಕಾದವನು ಮೈಟಿ ಸ್ಪಾಯ್ಲರ್. ನಿಜ ಹೆಸರು ಥಿಯೋಫಿಲಸ್ ಫಿಲಿಪ್. 1926ರಲ್ಲಿ ಹುಟ್ಟಿ, 1953 ಮತ್ತು 1955ರಲ್ಲಿ ಕಾರ್ನಿವಲ್ ಹಬ್ಬದ ಕ್ಯಾಲಿಪ್ಸೊ ಸ್ಪರ್ಧೆಯ ಕಿರೀಟ ಗೆದ್ದು, 1960ರಲ್ಲೇ ತೀರಿಕೊಂಡ. ಇಂಥ ಹಾಡು ಕಟ್ಟುವ ಗುಟ್ಟೆಲ್ಲ ಅವನಲ್ಲಿದೆ.

ಮೊದಲು ನಡೆಯಲಾರದ ಸಂಗತಿಯೊಂದನ್ನು ಹಿಡಿಯಿರಿ. ಒಂದೇ ಸಾಕು. 'ಬೆಡ್ ಬಗ್' ಹಾಡಿನಲ್ಲಿ ಅದು ಸತ್ತ ಮೇಲೆ ತಿಗಣೆಯಾಗಿ ಹುಟ್ಟುವ ಆಸೆ. ಇನ್ನೊಂದು ಹಾಡಿನಲ್ಲಿ, ಅತಿವೇಗವಾಗಿ ಕಾರು ಓಡಿಸಿದ ಮ್ಯಾಜಿಸ್ಟ್ರೇಟ್ ತನ್ನ ವಿಚಾರಣೆ ತಾನೇ ನಡೆಸುತ್ತಾನೆ. ಸುಳ್ಳು ಅಲ್ಲಿಗೆ ಮುಗಿಯಬೇಕು. ಮುಂದಿನದೆಲ್ಲ ಕಟ್ಟುನಿಟ್ಟಿನ ತರ್ಕ. ಕೋರ್ಟು ಎಂದಮೇಲೆ ಆರೋಪ, ಸಮರ್ಥನೆ, ತೀರ್ಪು ಕ್ರಮವಾಗಿ ಬರಲೇಬೇಕು. ಎರಡನೇ ಅಸಂಭವ ತಂದರೆ ಕೇಳುಗ ಮೊದಲನೆಯದನ್ನೂ ನಂಬುವುದಿಲ್ಲ, ನಗುವುದೂ ಇಲ್ಲ.

ಅಳತೆಗೆ ನಾಲ್ಕು ಚರಣ ಇಟ್ಟುಕೊಳ್ಳಿ, ಚರಣಕ್ಕೆ ಎಂಟು ಸಾಲು, ಎರಡೆರಡು ಸಾಲಿಗೊಂದು ಅಂತ್ಯಪ್ರಾಸ. ಮೊದಲ ಚರಣದಲ್ಲಿ ಯಾರು, ಎಲ್ಲಿ, ಏನಾಯಿತು ಎಂಬುದು ಮುಗಿದುಬಿಡಲಿ. ನಗೆಯ ಪದ ಎಂಟನೇ ಸಾಲಿನ ಕಟ್ಟಕಡೆಗೆ. ಬರೆಯುವಾಗ ಎಂಟನೆಯದನ್ನೇ ಮೊದಲು ಬರೆದು ಏಳನೆಯದಕ್ಕೆ ಪ್ರಾಸ ಹುಡುಕಿ. ತಿರುವುಮುರುವಾದರೆ ಪ್ರಾಸಕ್ಕಾಗಿ ಎಳೆತಂದ ಸಡಿಲ ಪದವೇ ಕೊನೆಯಲ್ಲಿ ಕೂರುತ್ತದೆ. ಪಲ್ಲವಿಗೆ ನಾಲ್ಕು ಸಾಲು ಸಾಕು. ಅದರಲ್ಲಿ ಕಥೆಯ ಮುಕ್ತಾಯ ಬಿಟ್ಟುಕೊಡಬೇಡಿ, ಮೊದಲ ಸುತ್ತಿಗೇ ಗುಟ್ಟು ರಟ್ಟಾಗುತ್ತದೆ.

ದ್ವಂದ್ವಾರ್ಥ ಕ್ಯಾಲಿಪ್ಸೊದ ಉಸಿರು. ಆದರೆ ಮೇಲ್ಮೈ ಅರ್ಥವೂ ತಾನಾಗಿಯೇ ನಿಲ್ಲುವಂತಿರಬೇಕು. ಒಳಾರ್ಥ ಹೊಳೆಯದವನಿಗೂ ಕಥೆ ಪೂರ್ತಿ ಸಿಕ್ಕರೆ ಸಾಲು ಗಟ್ಟಿ. ಕಣ್ಣು ಮಿಟುಕಿಸಿ ವಿವರಿಸಬೇಕಾದ ಸಾಲನ್ನು ಕಿತ್ತುಹಾಕಿ.

ಈಗ ತಾಳ. ನಾಲ್ಕು ಎಣಿಕೆಗೆ ಚಪ್ಪಾಳೆ ತಟ್ಟುತ್ತ ವಾದ್ಯವಿಲ್ಲದೆ ಓದಿನೋಡಿ. ಕ್ಯಾಲಿಪ್ಸೊದಲ್ಲಿ ಅಕ್ಷರಗಳು ಒತ್ತಾಗಿ ನುಗ್ಗಬಹುದು, ಮಾತಿನ ಒತ್ತು ಮಾತ್ರ ಪೆಟ್ಟಿನ ಮೇಲೇ ಬೀಳಬೇಕು. ನಾಲಿಗೆ ತೊಡರಿದರೆ ಪದ ಕಡಿಮೆ ಮಾಡಿ. ವೇಗ ಇಳಿಸಿದರೆ ಕುಣಿತವೇ ಹೋಗುತ್ತದೆ.

ಹಾಡುವಾಗ ಮುಖ ಗಂಭೀರವಾಗಿರಲಿ, ತಿಗಣೆಯಾಗುವುದು ನ್ಯಾಯವಾದ ಆಸೆ ಎನ್ನುವಷ್ಟು. ಹೆಚ್ಚಿನ ನಗೆ ಸಾಯುವುದು ಟ್ರಂಪೆಟ್‌ನಿಂದ: ಕೊನೆಯ ಪದದ ಮೇಲೆಯೇ ಅದು ಊದಿದರೆ ಮಾತು ಮುಚ್ಚಿಹೋಗುತ್ತದೆ. ಪದ ಮುಗಿದ ಮೇಲಿನ ಖಾಲಿ ಪೆಟ್ಟುಗಳಲ್ಲಿ ಊದುವಂತೆ ವಾದ್ಯದವರಿಗೆ ಸಾಹಿತ್ಯದ ಪ್ರತಿ ಕೊಟ್ಟು ಗುರುತು ಹಾಕಿಸಿ.