ಹುರಿದುಂಬಿಸುವ ಮೊದಲು ಅಡ್ಡಿ ತೆಗೆಯಿರಿ

ತಂಡ ಸಪ್ಪಗಾಗಿದೆ ಅನ್ನಿಸಿದಾಗ ಹೆಚ್ಚಿನ ಲೀಡ್‌ಗಳು, ಅಂದರೆ ತಂಡ ನಡೆಸುವವರು, ಮಾಡುವುದು ಒಂದು ಭಾಷಣ, ಇಲ್ಲವೇ ಒಂದು ಪಾರ್ಟಿ. ಎರಡರ ಕಾವೂ ವಾರದೊಳಗೆ ಇಳಿದಿರುತ್ತದೆ. ನಾನು ಮೊದಲು ನೋಡುವುದು ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದನ್ನು. ಜನ ಬೇಸತ್ತಿರುವುದು ಬಹುಪಾಲು ಕೆಲಸದಿಂದಲ್ಲ, ಅದು ಮುಂದೆ ಸಾಗದಿರುವುದರಿಂದ: ಅನುಮತಿಗೆ ಕಾದು ಕುಳಿತ ಕಡತ, ಯಾರೂ ಉತ್ತರಿಸದ ಮೇಲ್, ಎರಡು ದಿನಕ್ಕೊಮ್ಮೆ ಬದಲಾಗುವ ಆದ್ಯತೆ.

ಇದು ಗುಂಪಿನ ಮೀಟಿಂಗ್‌ನಲ್ಲಿ ಹೊರಬರುವುದಿಲ್ಲ. ಹಾಗಾಗಿ ಒಬ್ಬೊಬ್ಬರ ಜೊತೆ ವಾರಕ್ಕೊಮ್ಮೆ 30 ನಿಮಿಷ ಕೂರುತ್ತೇನೆ. ತಂಡ ಎಂಟು ಮಂದಿಗಿಂತ ದೊಡ್ಡದಾದರೆ ಹದಿನೈದು ದಿನಕ್ಕೊಮ್ಮೆ. ಮೊದಲ 20 ನಿಮಿಷ ಅವರದು. “ಕೆಲಸ ಹೇಗಿದೆ?” ಎಂದರೆ “ಚೆನ್ನಾಗಿದೆ ಸರ್” ಎಂಬಲ್ಲಿಗೆ ಮಾತು ಮುಗಿಯಿತು. ಅದರ ಬದಲು “ಈ ವಾರ ನಿಮ್ಮ ಕೈ ಕಟ್ಟಿಹಾಕಿದ್ದು ಏನು?” ಎಂದು ಕೇಳಿ ಸುಮ್ಮನಿರಬೇಕು. ಆ ಮೌನವನ್ನು ನಾವೇ ತುಂಬಿಬಿಟ್ಟರೆ ಉತ್ತರ ಬರುವುದಿಲ್ಲ. ಹೇಳಿದ್ದನ್ನು ಅವರೆದುರೇ ಬರೆದುಕೊಂಡು, ಎರಡು ದಿನದೊಳಗೆ ಅಡ್ಡಿ ತೆಗೆಯಬೇಕು. ಆಗದಿದ್ದರೆ ಏಕೆ ಆಗದು ಎಂದು ತಿಳಿಸಬೇಕು. ಕೇಳಿ ಏನೂ ಮಾಡದಿರುವುದಕ್ಕಿಂತ ಕೇಳದಿರುವುದೇ ವಾಸಿ. ಈ ಭೇಟಿಯನ್ನು ರದ್ದು ಮಾಡಬೇಕಾಗಿ ಬಂದರೆ ಅದೇ ವಾರದ ಇನ್ನೊಂದು ದಿನಕ್ಕೆ ಹಾಕಿ.

ಇನ್ನು ಕೆಲಸ ಒಪ್ಪಿಸುವ ರೀತಿ. ತುಂಡು ತುಂಡಾಗಿ ಕೊಟ್ಟ ಕೆಲಸದಲ್ಲಿ ಯಾರಿಗೂ “ಇದು ನನ್ನದು” ಅನ್ನಿಸುವುದಿಲ್ಲ. ಚಿಕ್ಕದಾದರೂ ಇಡಿಯಾಗಿ ಕೊಟ್ಟು, ನಿರ್ಧಾರದ ಎಲ್ಲೆಯನ್ನು ಬರಹದಲ್ಲಿ ಹೇಳುತ್ತೇನೆ: “ದೂರುಗಳ ವಾರದ ವರದಿ ಇನ್ನು ನಿಮ್ಮದು. ಯಾವ ದೂರು ಮೊದಲು, ಯಾರು ಸರಿಪಡಿಸಬೇಕು ಎಂಬುದು ನಿಮ್ಮ ತೀರ್ಮಾನ. ಹಣ ಹಿಂದಿರುಗಿಸುವ ಮಾತು ಬಂದರೆ ಮಾತ್ರ ನನ್ನನ್ನು ಕೇಳಿ. ಬುಧವಾರ ಒಮ್ಮೆ ಒಟ್ಟಿಗೆ ನೋಡೋಣ.” ಬುಧವಾರಕ್ಕೆ ಮೊದಲು ಇಣುಕುವುದಿಲ್ಲ. ಹೆಚ್ಚಾಗಿ ಕೆಡುವುದು ಇಲ್ಲೇ. ಬಂದ ವರದಿಯನ್ನು ಲೀಡ್ ರಾತ್ರಿ ಕೂತು ತಾನೇ ತಿದ್ದಿ ಕಳಿಸಿಬಿಡುತ್ತಾರೆ. ಮುಂದಿನ ಸಲ ಅರೆಬರೆ ವರದಿ ಬರುತ್ತದೆ, ಹೇಗೂ ಅವರು ತಿದ್ದುತ್ತಾರಲ್ಲ! ತಿದ್ದಬೇಕಾದ್ದನ್ನು ಗುರುತು ಹಾಕಿ ವಾಪಸ್ ಕೊಡಿ, ಒಂದು ದಿನ ತಡವಾದರೂ ಸರಿ. “ಏನು ಮಾಡಲಿ?” ಎಂದು ಬಂದವರಿಗೆ “ನಿಮಗೇನು ಅನ್ನಿಸುತ್ತೆ?” ಎಂದು ಮರುಪ್ರಶ್ನೆ ಹಾಕುವುದು ಅನುಭವಸ್ಥರಿಗೆ ಸರಿ, ಹೊಸಬರಿಗೆ ಅದು ಪರೀಕ್ಷೆಯಂತೆ ಕಾಣುತ್ತದೆ, ಅವರಿಗೆ ನೇರವಾಗಿ ಹೇಳಿಕೊಡಬೇಕು.

ಹೊಗಳಿಕೆ ಅದೇ ದಿನ ಅಥವಾ ಮರುದಿನ. “ಸೂಪರ್” ಸಾಲದು. “ಎರಡು ಪಟ್ಟಿಗಳನ್ನು ತಾಳೆ ನೋಡಿದ್ದರಿಂದ ತಪ್ಪು ಬಿಲ್ ಹೋಗುವುದು ತಪ್ಪಿತು” ಎಂದರೆ ಏನನ್ನು ಮತ್ತೆ ಮಾಡಬೇಕು ಎಂಬುದೂ ತಿಳಿಯುತ್ತದೆ. ಅದರ ಬಾಲಕ್ಕೆ “ಆದರೆ” ಅಂಟಿಸಬೇಡಿ. ಎಲ್ಲರೆದುರು ಹೊಗಳಿದರೆ ಮುದುಡುವವರೂ ಇದ್ದಾರೆ, ಕೇಳಿಕೊಳ್ಳಿ.

ಹಣದ ವಿಚಾರ. ಸಂಬಳ, ನಿಯಮ, ಕೆಲಸದ ವಾತಾವರಣ ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಸರಿಯಿದ್ದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ಇದನ್ನು ಸಂಬಳ ಏರಿಸದಿರಲು ನೆಪ ಮಾಡಿಕೊಳ್ಳುವವರನ್ನು ಕಂಡರೆ ನನಗಾಗದು. ಕಡಿಮೆ ಸಂಬಳದ ಸಿಟ್ಟನ್ನು ಯಾವ ಹೊಗಳಿಕೆಯೂ ಇಳಿಸದು. ಇನ್ನೊಂದು ಕಡೆ, ಒಗಟು ಬಿಡಿಸುವುದಕ್ಕೆ ಹಣ ಪಡೆದ ವಿದ್ಯಾರ್ಥಿಗಳಿಗೆ ಹಣ ನಿಂತ ಮೇಲೆ ಆ ಒಗಟಿನ ಮೇಲಿನ ಆಸಕ್ತಿ ಕುಗ್ಗಿದ್ದನ್ನು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ತೋರಿಸಿದರು. ಹಾಗಾಗಿ ಇಷ್ಟಪಟ್ಟು ಮಾಡುವ ಕೆಲಸಕ್ಕೆ “ಇದನ್ನು ಮುಗಿಸಿದರೆ ಇಷ್ಟು” ಎಂದು ಬಹುಮಾನ ಕಟ್ಟುವುದಿಲ್ಲ. “ತಿಂಗಳ ಉತ್ತಮ ಉದ್ಯೋಗಿ” ಪಟ್ಟವೂ ಬೇಡ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ “ನೀವಲ್ಲ” ಎಂದು ಹೇಳಿದಂತಾಗುತ್ತದೆ, ಪಕ್ಕದವರಿಗೆ ನೆರವಾಗುವುದೂ ನಿಲ್ಲುತ್ತದೆ.

ಇಷ್ಟಾದರೂ ಒಬ್ಬರು ಮಂಕಾಗಿಯೇ ಇದ್ದರೆ, ಒಂದು ವಾರ ನೋಡಿ ತೀರ್ಮಾನಿಸಬೇಡಿ. ಮನೆಯ ಚಿಂತೆಯೂ ಇರಬಹುದು. ಮೂರ್ನಾಲ್ಕು ವಾರ ಹಾಗೇ ಮುಂದುವರಿದರೆ ಕಂಡದ್ದನ್ನಷ್ಟೇ ಹೇಳಿ: “ಮೊದಲು ಮೀಟಿಂಗ್‌ನಲ್ಲಿ ಪ್ರಶ್ನೆ ಕೇಳುತ್ತಿದ್ದಿರಿ, ಈಗ ಕೇಳುತ್ತಿಲ್ಲ. ಏನಾದರೂ ಬದಲಾಗಿದೆಯೇ?” “ನಿಮಗೆ ಆಸಕ್ತಿ ಇಲ್ಲ” ಎಂದರೆ ಅದು ಆರೋಪ. ಈ ಕೆಲಸವೇ ಸಾಕಾಗಿದೆ ಎಂಬ ಉತ್ತರ ಬಂದರೆ ಬೇರೆ ತಂಡಕ್ಕೆ ಹೋಗಲು ನಾನೇ ಮಾತನಾಡುತ್ತೇನೆ.