ನಿಂತುಹೋದ ಅಂತರ ಕಾಲೇಜು ಕ್ರೀಡಾಕೂಟದ ಇತಿಹಾಸ ಬರೆಯುವ ಬಗೆ

ನಾಲ್ಕೈದು ವರ್ಷ ನಡೆದು ನಿಂತುಹೋದ ಅಂತರ ಕಾಲೇಜು ಕೂಟದ ಚರಿತ್ರೆ ಬರೆಯಲು ಕೂತವರು ಮೊದಲು ಗೆದ್ದವರ ಪಟ್ಟಿ ಹುಡುಕುತ್ತಾರೆ. ಅದಕ್ಕೂ ಮುಂಚೆ, ಯಾವ ವರ್ಷ ಯಾವ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿತ್ತು ಎಂಬ ಕೋಷ್ಟಕ ಸಿದ್ಧವಾಗಬೇಕು. ದಾವಣಗೆರೆ–ಚಿತ್ರದುರ್ಗ ಭಾಗದಲ್ಲಂತೂ ಇದಿಲ್ಲದೆ ಕೆಲಸ ಸಾಗದು.

ಇಲ್ಲಿನ ಪದವಿ ಕಾಲೇಜುಗಳು ಮೊದಲು ಮೈಸೂರು ವಿ.ವಿ.ಗೆ ಸೇರಿದ್ದವು. 1987ರಲ್ಲಿ ಕುವೆಂಪು ವಿ.ವಿ. ಬಂತು, 2009ರಲ್ಲಿ ದಾವಣಗೆರೆ ವಿ.ವಿ. ಅದರ ನಡುವೆಯೇ ವೈದ್ಯಕೀಯ ಕಾಲೇಜುಗಳು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿ.ವಿ. ಕಡೆಗೂ, ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು 1998ರ ವಿ.ಟಿ.ಯು. (ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ.) ಕಡೆಗೂ ಹೋದವು. ಒಂದೇ ಊರಲ್ಲಿ ಒಟ್ಟಿಗೆ ಓಡುತ್ತಿದ್ದ ಹುಡುಗರು ಬೇರೆ ಬೇರೆ ಕೂಟಗಳಿಗೆ ಹಂಚಿಹೋದದ್ದು ಹೀಗೆ. ಜಿಲ್ಲೆಯ ಗಡಿಯನ್ನು ಇದರೊಂದಿಗೆ ಬೆರೆಸಬೇಡಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ವರದಿಯಲ್ಲಿ ‘ಚಿತ್ರದುರ್ಗ ಜಿಲ್ಲೆಗೆ ಪ್ರಶಸ್ತಿ’ ಎಂದಿದ್ದರೆ ಗೆದ್ದದ್ದು ದಾವಣಗೆರೆಯ ಕಾಲೇಜೂ ಇರಬಹುದು.

ವರ್ಷವನ್ನು ಸದಾ 1988-89 ಎಂಬಂತೆ ಶೈಕ್ಷಣಿಕ ವರ್ಷವಾಗಿಯೇ ಬರೆಯಿರಿ. ಜನವರಿಯಲ್ಲಿ ನಡೆದ ಕೂಟವನ್ನು ಬರೀ 1989 ಎಂದು ದಾಖಲಿಸಿದರೆ 1989-90ರ ಕೂಟದ ಜೊತೆ ಗಂಟುಬೀಳುತ್ತದೆ. ಇಲ್ಲದ ಚಾಂಪಿಯನ್‌ಗಳು ಹುಟ್ಟಿಕೊಳ್ಳುವುದು ಹೆಚ್ಚಾಗಿ ಈ ತಪ್ಪಿನಿಂದಲೇ.

ಆಧಾರಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ರಿಜಿಸ್ಟರ್ ಮತ್ತು ಸ್ಕೋರ್ ಶೀಟಿಗೆ ಮೊದಲ ಸ್ಥಾನ. ನಂತರ ಪ್ರಮಾಣಪತ್ರ, ಆಮೇಲೆ ಪತ್ರಿಕಾ ವರದಿ. ಸ್ಥಳೀಯ ಸುದ್ದಿಗೆ ದಾವಣಗೆರೆಯ ದಿನಪತ್ರಿಕೆ ಜನತಾವಾಣಿಯ ಹಳೆಯ ಸಂಚಿಕೆಗಳನ್ನು ನೋಡಬೇಕು. ಕಾಲೇಜಿನ ವಾರ್ಷಿಕ ಸಂಚಿಕೆ ಕೊನೆಗೆ, ಯಾಕೆಂದರೆ ಅದು ತನ್ನ ಗೆಲುವನ್ನಷ್ಟೇ ಹೇಳುತ್ತದೆ. ಪದವಿಪೂರ್ವ ವಿಭಾಗವೂ ಅದೇ ಆವರಣದಲ್ಲಿದ್ದರೆ ಕಪಾಟಿನ ಶೀಲ್ಡ್ ಯಾವ ವಿಭಾಗದ್ದೆಂದು ಖಚಿತ ಮಾಡಿಕೊಳ್ಳಿ. ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರ ನೆನಪು ಅಮೂಲ್ಯ. ಆದರೆ ಅವರಿಗೆ ವರ್ಷಕ್ಕಿಂತ ಮೈದಾನ, ಎದುರಾಳಿ, ಮಳೆ ಚೆನ್ನಾಗಿ ನೆನಪಿರುತ್ತವೆ. ಅವನ್ನು ಕೇಳಿಕೊಂಡು ವರ್ಷವನ್ನು ಕಾಗದದಲ್ಲಿ ಹುಡುಕಿ.

ಸಮಗ್ರ ಪ್ರಶಸ್ತಿಯ ಅಂಕಗಳನ್ನು ಕೂಡಿ ನೋಡದೆ ನಂಬಬೇಡಿ. ಮೊದಲ ಮೂವರಿಗೆ 5-3-1, ರಿಲೇಗೆ ಅದರ ಇಮ್ಮಡಿ ಎಂಬ ನಿಯಮವಿತ್ತು ಎಂದುಕೊಳ್ಳಿ. 14 ವೈಯಕ್ತಿಕ ಸ್ಪರ್ಧೆಗೆ 126, 2 ರಿಲೇಗೆ 36, ಎಲ್ಲ ಕಾಲೇಜುಗಳದ್ದು ಸೇರಿ 162 ಆಗಬೇಕು. ಹೆಚ್ಚಾಗಿದ್ದರೆ ನಕಲು ಮಾಡುವಾಗ ತಪ್ಪಾಗಿರಬಹುದು. ಕಡಿಮೆಯಾಗಿದ್ದರೆ ಎಲ್ಲೋ ಮೂರನೇ ಸ್ಥಾನ ಖಾಲಿ ಉಳಿದಿರಬಹುದು. ಮೊದಲ ಸ್ಥಾನಕ್ಕೆ ಇಬ್ಬರು ಸಮನಾದರೆ 5 ಮತ್ತು 3 ಕೂಡಿಸಿ ತಲಾ 4 ಕೊಟ್ಟಿದ್ದಾರೆಯೇ ಎಂದು ನೋಡಿ, ಒಟ್ಟು ಮೊತ್ತ ಆಗ ಬದಲಾಗುವುದಿಲ್ಲ.

ದಾಖಲೆಗಳ ಹೋಲಿಕೆಯಲ್ಲಿ ಇನ್ನೂ ಎಚ್ಚರ ಬೇಕು. ಕೈಯಿಂದ ಒತ್ತುವ ಸ್ಟಾಪ್‌ವಾಚಿನಲ್ಲಿ 11.24 ಎಂದು ತೋರಿಸಿದರೂ ಅದು ಕೈ ಸಮಯವೇ. ನಿಯಮದಂತೆ ಮೇಲಿನ ದಶಾಂಶಕ್ಕೆ ಏರಿಸಿ 11.3 ಎಂದು ಬರೆಯಬೇಕು. ವಿದ್ಯುನ್ಮಾನ ಸಮಯದೊಂದಿಗೆ ಹೋಲಿಸುವಾಗ 100 ಮತ್ತು 200 ಮೀಟರಿಗೆ 0.24, 400 ಮೀಟರಿಗೆ 0.14 ಸೆಕೆಂಡ್ ಕೂಡಿಸುವುದು ವಾಡಿಕೆ. ಪುರುಷರ ಜಾವೆಲಿನ್ 1986ರಲ್ಲಿ ಬದಲಾಯಿತು. ಗುರುತ್ವ ಕೇಂದ್ರ ಮುಂದಕ್ಕೆ ಸರಿದು ದೂರ ಕುಸಿಯಿತು, ಹಾಗಾಗಿ ಹಳೆಯ ಮತ್ತು ಹೊಸ ಎಸೆತಗಳಿಗೆ ಎರಡು ಪಟ್ಟಿ ಬೇಕು. ಕಾಲೇಜುಗಳು ಹೊಸ ಜಾವೆಲಿನ್ ಕೊಂಡದ್ದು ಯಾವಾಗ ಎಂಬುದು ಸಾಮಗ್ರಿ ದಾಸ್ತಾನು ಪುಸ್ತಕದಲ್ಲಿ ಸಿಗುತ್ತದೆ. ನಿಯಮದ ವರ್ಷಕ್ಕಿಂತ ಆ ತಾರೀಖೇ ಮುಖ್ಯ.

ಕೂಟ ಯಾಕೆ ನಿಂತಿತು ಎಂಬ ಪ್ರಶ್ನೆಗೆ ಎಲ್ಲರಲ್ಲೂ ಉತ್ತರವಿರುತ್ತದೆ, ಕಾಗದದಲ್ಲಿ ಮಾತ್ರ ಅಪರೂಪ. ಕೊನೆಯದಾಗಿ ನಡೆದ ಕೂಟ, ಪ್ರಕಟಣೆಯಾಗಿಯೂ ನಡೆಯದ ಕೂಟ, ಅಧಿಕೃತವಾಗಿ ಕೈಬಿಟ್ಟ ದಿನ, ಈ ಮೂರನ್ನೂ ಬೇರೆಬೇರೆಯಾಗಿ ಬರೆಯಿರಿ. ಕಾರಣವನ್ನು ಸುತ್ತೋಲೆ ಅಥವಾ ಸಭಾ ನಡಾವಳಿ ಹೇಳಿದರಷ್ಟೇ ಖಚಿತವಾಗಿ ಹೇಳಿ. ವಿ.ವಿ. ವ್ಯಾಪ್ತಿ ಬದಲಾದ ವರ್ಷವೇ ಕೂಟವೂ ನಿಂತಿದ್ದರೆ ಎರಡೂ ತಾರೀಖುಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.

ಮಾಸಿದ ಶೀಲ್ಡನ್ನು ಓದುವ ಮೊದಲು ಹುಣಸೆಹಣ್ಣಿನಿಂದಾಗಲಿ ಪಾಲಿಶಿನಿಂದಾಗಲಿ ತಿಕ್ಕಬೇಡಿ, ತೆಳು ಕೆತ್ತನೆ ಅಳಿಸಿಹೋಗುತ್ತದೆ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಬೆಳಕಿನ ದಿಕ್ಕು ಬದಲಿಸುತ್ತಾ ಮೂರು ನಾಲ್ಕು ಫೋಟೊ ತೆಗೆಯಿರಿ. ಹಿಂಬದಿಯದ್ದೂ ಒಂದು ಬೇಕು, ದಾನಿಯ ಹೆಸರು ಮತ್ತು ಕೊಟ್ಟ ವರ್ಷ ಅಲ್ಲಿರಬಹುದು.